ಫುಟ್‌ಪಾತ್ ಕರೆಂಟ್ ಬಾಕ್ಸ್: "ದೂರು ಪರಿಹಾರವಾಗಿದೆ" ಅನ್ನೋ ಮೆಸೇಜ್ ನಂಬ್ಬೇಡಿ

ಮಳೆ ಶುರುವಾಗ್ತಿದೆ, ಅದಕ್ಕೆ ಈಗ್ಲೇ ಬರೀತಿದೀನಿ. ನಿಮ್ಮ ಬೀದೀಲಿ ಬಾಗಿಲು ಬಾಯಿ ಬಿಟ್ಕೊಂಡಿರೋ ಡಿಸ್ಟ್ರಿಬ್ಯೂಷನ್ ಬಾಕ್ಸ್ ಇದ್ರೆ, ಕಂಬದಿಂದ ವೈರ್ ಜೋತಾಡ್ತಿದ್ರೆ, ಕರೆಂಟ್ ಕಂಪನಿ ಹೆಲ್ಪ್‌ಲೈನಿಗೆ ಫೋನ್ ಮಾಡಿ ಡಾಕೆಟ್ ನಂಬರ್, ಅಂದ್ರೆ ದೂರಿನ ನಂಬರ್ ತಗೊಂಡು ಆಯ್ತು ಅಂತ ಕೂರ್ಬೇಡಿ.

ನಮ್ಮ ಬಾಕ್ಸ್ ಇರೋದು ಹಾಲಿನ ಬೂತ್ ಪಕ್ಕ. ಬೀಗ ಇರ್ಬೇಕಾದ ಕಡೆ ತೂತು, ಬಾಗಿಲನ್ನ ಬೈಂಡಿಂಗ್ ವೈರಲ್ಲಿ ಕಟ್ಟಿದಾರೆ, ಕೆಳಗೆ ಬಾಡಿದ ಹೂವು, ಟೀ ಕಪ್ಪು, ಇಂಟರ್ನೆಟ್ ಕೇಬಲ್‌ನೋರು ಸುತ್ತಿ ಬಿಟ್ಟೋಗಿರೋ ಕಪ್ಪು ಸಿಂಬಿ. ಒಂದು ಜೋರು ಮಳೆ ಆದ್ಮೇಲೆ ಬೂತಿನ ಅಮ್ಮ ಕ್ರೇಟ್ ಎತ್ತುವಾಗ ಮೊಣಕೈ ತಾಗಿ ಜುಮ್ ಅಂತು ಅಂದ್ರು. ಎದುರುಗಡೆ ಹಾರ್ಡ್‌ವೇರ್ ಅಂಗಡಿಯೋರು ಟೆಸ್ಟರ್ ಇಟ್ಟು ನೋಡಿದ್ರೆ ಬಾಕ್ಸಿನ ತಗಡಿಗೇ ಕರೆಂಟ್ ಬಂದಿದೆ, ಟೆಸ್ಟರ್ ಚೆನ್ನಾಗೇ ಉರೀತಿದೆ. ಅದೇ ಜಾಗದಲ್ಲಿ ಬೆಳಿಗ್ಗೆ ಸ್ಕೂಲ್ ಮಕ್ಕಳು ವ್ಯಾನಿಗೆ ಕಾಯೋದು.

ಫೋನ್ ಮಾಡಿದೆ. ಮೊದಲ್ನೇ ಪ್ರಶ್ನೆನೇ ಆರ್‌ಆರ್ ನಂಬರ್ ಹೇಳಿ, ಅಂದ್ರೆ ಕರೆಂಟ್ ಬಿಲ್ಲಲ್ಲಿರೋ ಮನೆ ಕನೆಕ್ಷನ್ ನಂಬರ್. ಫುಟ್‌ಪಾತಿಗೆ ಎಲ್ಲಿಂದ ಆರ್‌ಆರ್ ನಂಬರ್ ತರೋಣ ಹೇಳಿ? ಸರಿ ಅಂತ ನಮ್ಮನೇದೇ ಕೊಟ್ಟೆ. ಆಮೇಲೆ, ಮನೇಲಿ ಕರೆಂಟ್ ಇದ್ಯಾ ಮೇಡಂ? ಇದೆ ಅಂದೆ. ಅಲ್ಲಿಗೆ ನಮ್ಮ ಕಂಪ್ಲೇಂಟ್ ಕಥೆ ಮುಗೀತು, ಯಾಕಂದ್ರೆ ಅವರ ಲೆಕ್ಕದಲ್ಲಿ ಮನೇಲಿ ಕರೆಂಟ್ ಇದ್ದೋರಿಗೆ ತೊಂದ್ರೇನೇ ಇಲ್ಲ. ಸಂಜೆ ಒಬ್ಬ ಲೈನ್‌ಮ್ಯಾನ್ ಬಂದ, ಪಾಪ ಅವನ ಕೈಯಲ್ಲಿ ಗ್ಲೌಸೂ ಇರ್ಲಿಲ್ಲ, ಬಾಗಿಲಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ಇನ್ನೊಂದು ತಂತಿ ಬಿಗಿದು ಹೋದ. ರಾತ್ರಿ ಮೆಸೇಜ್ ಬಂತು, ನಿಮ್ಮ ದೂರು ಪರಿಹಾರವಾಗಿದೆ ಅಂತ.

ಮುಂದಿನ ಮಳೆಗೆ ಬೀದಿ ನಾಯಿ ಒಂದು ಅಲ್ಲೇ ಸತ್ತು ಬಿತ್ತು. ಕಾರ್ಪೊರೇಷನ್ ಗಾಡಿ ಬಂದು ಎತ್ಕೊಂಡ್ ಹೋಯ್ತು, ಎಲ್ಲೂ ಒಂದು ಸಾಲು ಬರೆದಿಲ್ಲ. ಕರೆಂಟ್ ಕಂಪನಿಯ ಸೆಕ್ಷನ್ ಆಫೀಸಿಗೆ ಹೋಗಿ ಕೇಳಿದ್ರೆ "ಮನುಷ್ಯರಿಗೆ ಏನೂ ಆಗಿಲ್ವಲ್ಲ ಮೇಡಂ" ಅಂತ ಉತ್ತರ. ಅಲ್ಲಿಗೆ ನನಗೆ ತಲೆ ಕೆಟ್ಟೋಯ್ತು, ಕೂತ್ಕೊಂಡು ಕಾಯ್ದೆ ಓದಿದೆ.

ಇದನ್ನ ಎಲ್ಲರೂ ತಿಳ್ಕೋಬೇಕು. 2003ರ ವಿದ್ಯುಚ್ಛಕ್ತಿ ಕಾಯ್ದೆ, ಸೆಕ್ಷನ್ 161. ಕರೆಂಟ್ ಲೈನಿಂದ ಅಪಘಾತ ಆಗಿ ಮನುಷ್ಯರ ಅಥವಾ ಪ್ರಾಣಿಗಳ ಜೀವ ಹೋದ್ರೆ, ಗಾಯ ಆದ್ರೆ, ಅಷ್ಟೇ ಯಾಕೆ, ಹಾಗೆ ಆಗೋ ಸಾಧ್ಯತೆ ಇದ್ದ ಅಪಘಾತ ಆದ್ರೂ, ಲೈನ್ ಯಾರದೋ ಅವರು ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರಿಗೆ, ಅಂದ್ರೆ ಸುರಕ್ಷತೆ ತಪಾಸಣೆ ಮಾಡೋ ಸರ್ಕಾರಿ ಅಧಿಕಾರಿಗೆ, ತಿಳಿಸ್ಲೇಬೇಕು. ಅಂದ್ರೆ ನಾಯಿ ಸತ್ತಿದ್ದೂ ಲೆಕ್ಕಕ್ಕೆ ಬರುತ್ತೆ, ಬೂತಿನ ಅಮ್ಮಂಗೆ ಜುಮ್ ಅಂದಿದ್ದೂ ಬರ್ಬೇಕು. ಜೀವ ಹೋದ್ರೆ 24 ಗಂಟೆ ಒಳಗೆ ತಿಳಿಸ್ಬೇಕು ಅಂತ ರೂಲ್ಸೇ ಇದೆ. ಆಫೀಸಿನೋರಿಗೆ ಇದು ಗೊತ್ತಿರಲ್ಲ ಅಂದ್ರೆ ನಾನು ನಂಬಲ್ಲ.

ಹಾಗಾದ್ರೆ ಇವರ ಮೇಲೆ ಕಣ್ಣಿಡೋರು ಯಾರು? ಕರೆಂಟ್ ರೇಟು ಫಿಕ್ಸ್ ಮಾಡೋದು, ಲೈಸೆನ್ಸ್ ಕೊಡೋದು ಎಲ್ಲ ವಸಂತನಗರದಲ್ಲಿರೋ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಕೆಇಆರ್‌ಸಿ ಅಂತಾರಲ್ಲ ಅದು. ಆಯೋಗದ ಕೆಲಸಗಳ ಪಟ್ಟಿ ಸೆಕ್ಷನ್ 86ರಲ್ಲಿದೆ. ಸೇವೆಯ ಗುಣಮಟ್ಟ ನೋಡ್ಬೇಕು, ಕಡಿತ ಇಲ್ದೆ ಬರ್ತಿದ್ಯಾ ನೋಡ್ಬೇಕು, ನೆಚ್ಕೊಳ್ಳೋ ಹಾಗಿದ್ಯಾ ನೋಡ್ಬೇಕು ಅಂತಿದೆ. ಜನರ ಸುರಕ್ಷತೆ ಅಂತ ಬಿಡಿಯಾಗಿ ಒಂದು ಸಾಲು ಇಲ್ಲ. ಸೇಫ್ಟಿ ನಿಯಮ ಬರೆಯೋದು ದೆಹಲಿಯ ಕೇಂದ್ರ ವಿದ್ಯುತ್ ಪ್ರಾಧಿಕಾರ, ತಪಾಸಣೆ ಮಾಡೋ ಇನ್‌ಸ್ಪೆಕ್ಟರುಗಳನ್ನ ನೇಮಿಸೋದು ಸರ್ಕಾರ. ದುಡ್ಡಿನ ಚೀಲದ ದಾರ ಒಬ್ಬರ ಕೈಲಿ, ಜೀವದ ಜವಾಬ್ದಾರಿ ಇನ್ನೊಬ್ಬರ ಕೈಲಿ. ರೇಟ್ ಜಾಸ್ತಿ ಮಾಡಿ ಅಂತ ಅರ್ಜಿ ಬಂದಾಗ, ಕಳೆದ ವರ್ಷ ಎಷ್ಟು ಬಾಕ್ಸಿಗೆ ಅರ್ಥಿಂಗ್ (ಸೋರಿದ ಕರೆಂಟನ್ನ ನೆಲಕ್ಕೆ ಇಳಿಸೋ ಏರ್ಪಾಡು) ಸರಿ ಮಾಡಿದ್ರಿ ತೋರ್ಸಿ ಆಮೇಲೆ ರೇಟ್ ಮಾತಾಡೋಣ ಅಂತ ಹಿಡಿದು ಕೂರೋ ಒಂದು ಸೇಫ್ಟಿ ವಿಂಗ್ ಆಯೋಗದ ಒಳಗೇ ಇರ್ಬೇಕು ಅನ್ನೋದು ನನ್ನ ಅಭಿಪ್ರಾಯ.

ಬೇರೆ ಕಡೆ ಈ ಪಾಠ ಜೀವ ತೆತ್ತು ಕಲಿತಿದಾರೆ. ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೋದಲ್ಲಿ 2010ರ ಸೆಪ್ಟೆಂಬರ್ 9ಕ್ಕೆ ಗ್ಯಾಸ್ ಪೈಪ್ ಸಿಡಿದು 8 ಜನ ಸತ್ರು, 38 ಮನೆ ಸುಟ್ಟೋದ್ವು. ಗ್ಯಾಸ್ ಕಂಪನಿ ದಾಖಲೆಯಲ್ಲಿ ಜೋಡಣೆನೇ ಇಲ್ಲದ ಪೈಪ್ ಅಂತಿತ್ತು, ಅಗೆದು ನೋಡಿದ್ರೆ ವೆಲ್ಡಿಂಗ್ ಮಾಡಿದ ತುಂಡುಗಳು. ತನಿಖೆ ಮಾಡಿದ ಫೆಡರಲ್ ಸಂಸ್ಥೆ ಕಂಪನಿ ಜೊತೆಗೆ ಅಲ್ಲಿನ ನಿಯಂತ್ರಣ ಆಯೋಗಕ್ಕೂ ಛೀಮಾರಿ ಹಾಕ್ತು, ನೀವು ಸರಿಯಾಗಿ ಕಣ್ಣಿಟ್ಟಿಲ್ಲ ಅಂತ. 2015ರಲ್ಲಿ ಅದೇ ಆಯೋಗ ಆ ಕಂಪನಿಗೆ 160 ಕೋಟಿ ಡಾಲರ್ ದಂಡ ಹಾಕ್ತು. ನಮ್ಮಲ್ಲಿ 2023ರ ನವೆಂಬರಲ್ಲಿ ಬೆಂಗಳೂರಿನ ಕಾಡುಗೋಡಿ ಹತ್ರ ಫುಟ್‌ಪಾತ್ ಮೇಲೆ ಬಿದ್ದಿದ್ದ ವೈರ್ ತುಳಿದು ತಾಯಿ ಮತ್ತು 9 ತಿಂಗಳ ಕೂಸು ಹೋದ್ವಲ್ಲ, ಆಗ ಆಗಿದ್ದು ಸಸ್ಪೆನ್ಷನ್ನು, ಪರಿಹಾರದ ಚೆಕ್ಕು. ಕೆಳಗಿನ ಇಂಜಿನಿಯರನ್ನ ಮನೆಗೆ ಕಳ್ಸಿದ್ರೆ ಬಾಕ್ಸಿಗೆ ಬೀಗ ಬೀಳುತ್ತಾ?

ಈಗ ನಿಮಗೆ ಕೆಲಸಕ್ಕೆ ಬರೋದು. ವೈರ್ ಬಿದ್ದಿದ್ರೆ, ಬಾಕ್ಸಲ್ಲಿ ಶಾಕ್ ಹೊಡೀತಿದ್ರೆ ಮೊದಲು ಜನ ಹತ್ರ ಹೋಗ್ದಂಗೆ ನಿಲ್ಸಿ, ಆಮೇಲೆ 1912ಕ್ಕೆ ಫೋನ್ ಮಾಡಿ, "ಕರೆಂಟ್ ಇಲ್ಲ" ಅನ್ನೋ ಕೆಟಗರೀಲಿ ಬರೆಯೋಕೆ ಬಿಡ್ಬೇಡಿ, ಅಪಾಯ ಅಂತ್ಲೇ ಬರೆಸಿ. ಕಂಬದ ಮೇಲೆ, ಟ್ರಾನ್ಸ್‌ಫಾರ್ಮರ್ ಮೇಲೆ ಪೇಂಟಲ್ಲಿ ನಂಬರ್ ಇರುತ್ತೆ, ಅದನ್ನ ದೂರದಿಂದ್ಲೇ ಫೋಟೋ ತೆಗೀರಿ, ಆರ್‌ಆರ್ ನಂಬರ್ ಕೇಳಿದ್ರೆ ಅದನ್ನೇ ಹೇಳಿ. ಆಮೇಲೆ ಕಾಗದದಲ್ಲಿ ಬರೀರಿ, ಸೆಕ್ಷನ್ 161 ಅಂತ ಹೆಸರು ಹಿಡಿದು, ಒಂದು ಪ್ರತಿ ಕರೆಂಟ್ ಕಂಪನಿಯ ಸಬ್ ಡಿವಿಷನ್ ಆಫೀಸಿಗೆ, ಒಂದು ವಿದ್ಯುತ್ ಪರಿವೀಕ್ಷಣಾಲಯಕ್ಕೆ (ಆ ಇನ್‌ಸ್ಪೆಕ್ಟರುಗಳ ಆಫೀಸು), ಎರಡಕ್ಕೂ ಸೀಲ್ ಹಾಕಿಸ್ಕೊಳ್ಳಿ. ಸೀಲ್ ಬೇಡ ಮೆಸೇಜ್ ಬರುತ್ತೆ ಅಂತಾರೆ, ಜಗ್ಬೇಡಿ. ಇದಕ್ಕೂ ಬಗ್ಗಿಲ್ಲ ಅಂದ್ರೆ ಸೆಕ್ಷನ್ 142 ಇದೆ, ಕಾಯ್ದೆ ಮೀರಿದಾರೆ ಅಂತ ಯಾರು ಬೇಕಾದ್ರೂ ಆಯೋಗಕ್ಕೆ ದೂರು ಕೊಡ್ಬಹುದು, ಒಂದೊಂದು ತಪ್ಪಿಗೂ 1 ಲಕ್ಷದವರೆಗೆ ದಂಡ. ದೊಡ್ಡ ಕಂಪನಿಗೆ ಅದು ಚಿಲ್ಲರೆ ಕಾಸು, ಆದ್ರೆ ಫೈಲಲ್ಲಿ ಹೆಸರು ಬರೋದು ಅವರಿಗೆ ಇಷ್ಟ ಆಗಲ್ಲ.

ನಮ್ಮ ಕಾಗದ ಹೋದ್ಮೇಲೆ ಇನ್‌ಸ್ಪೆಕ್ಟರ್ ಬಂದು ನೋಡಿದ್ರು. ಯಾರೋ ಕೇಬಲ್ ಹಾಕೋಕೆ ಅಗೆದಾಗ ಅರ್ಥಿಂಗ್ ಪಟ್ಟಿನೇ ಕತ್ತರಿಸಿ ಹಾಕಿದ್ರಂತೆ, ಬಾಕ್ಸಿಗೂ ನೆಲಕ್ಕೂ ಸಂಬಂಧನೇ ಇರ್ಲಿಲ್ಲ. ಹೊಸ ಪಟ್ಟಿ ಹಾಕಿ ಬಾಗಿಲಿಗೆ ಬೀಗನೂ ಹಾಕಿದಾರೆ. ಮುಂದಿನ ಕ್ರಾಸಲ್ಲಿ ಇಂಥದ್ದೇ ಇನ್ನೊಂದು ಬಾಕ್ಸ್ ಇದೆ, ಅದಕ್ಕೂ ಕಾಗದ ಕೊಟ್ಟಿದೀವಿ, ಸೀಲ್ ಬಿದ್ದಿದೆ, ಉತ್ತರ ಬಂದಿಲ್ಲ. ನಾವು ಬರೆದ ಕನ್ನಡ ಅರ್ಜಿಯ ನಮೂನೆ ಬೇಕಿದ್ರೆ ಕೇಳಿ ಕಳಿಸ್ತೀನಿ, ಬೀದಿ ಹೆಸರು ಬದಲಾಯಿಸಿದ್ರೆ ಸಾಕು.