ಕಲಬುರಗಿಯಲ್ಲಿ ಕುಬರ್ನೆಟೀಸ್ ಕೋಚಿಂಗ್‌ಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಕುಬರ್ನೆಟೀಸ್ ಅಂದರೆ ಕಂಟೇನರ್ ಅನ್ನೋ ಪೊಟ್ಟಣದಲ್ಲಿ ಕಟ್ಟಿದ ಆ್ಯಪ್‌ಗಳನ್ನು ಹಲವು ಕಂಪ್ಯೂಟರ್‌ಗಳ ಗುಂಪಿನಲ್ಲಿ (ಅದೇ ಕ್ಲಸ್ಟರ್) ಓಡಿಸಿ ನೋಡಿಕೊಳ್ಳೋ ಸಾಫ್ಟ್‌ವೇರ್. ಅದರ ಅಡ್ಮಿನ್ ಕೆಲಸದ ಸರ್ಟಿಫಿಕೇಟ್‌ಗೆ ಇರುವ ಸಿಕೆಎ ಪರೀಕ್ಷೆಗೆ ಓದುತ್ತಿರುವ ನಮ್ಮ ಕಡೆಯವರು ದಯವಿಟ್ಟು ಪೂರ್ತಿ ಓದಿ. ಕಲಬುರಗಿಯ ಒಂದು ಕೋಚಿಂಗ್ ಸೆಂಟರ್‌ನಲ್ಲಿ ಫೀಸ್ ಕಟ್ಟಿ ಕಲಿತೆ, ಹೆಸರು ಬೇಡ. ಹೇಳಿಕೊಟ್ಟಿದ್ದು ಹಳೇ ಪಾಠ. ಕೊನೆಗೆ ಕೈಗಿಟ್ಟಿದ್ದು ಪ್ರಶ್ನೆಗಳ ಪಿಡಿಎಫ್. ಸೇಡಂ, ಚಿತ್ತಾಪುರ, ಆಳಂದದಿಂದ ದಿನಾ ಬಸ್ಸಿಗೆ ಬರುವವರೂ ನಮ್ಮ ಬ್ಯಾಚ್‌ನಲ್ಲಿದ್ದರು, ಅದಕ್ಕೇ ಸಿಟ್ಟು ಜಾಸ್ತಿ.

ಲ್ಯಾಬ್ ಶುರುವಾದಾಗಲೇ ಕೈಕೊಟ್ಟಿತು. ಸರ್ ನೋಟ್ಸ್‌ನಲ್ಲಿದ್ದ ಪ್ಯಾಕೇಜ್ ರೆಪೊಸಿಟರಿ (ಸಾಫ್ಟ್‌ವೇರ್ ಇಳಿಸಿಕೊಳ್ಳೋ ಆನ್‌ಲೈನ್ ವಿಳಾಸ) 2023ರ ಸೆಪ್ಟೆಂಬರ್‌ನಲ್ಲೇ ಅಪ್‌ಡೇಟ್ ನಿಂತು, 2024ರಲ್ಲಿ ತೆಗೆದೇ ಹಾಕಿದ್ದು. ಎರರ್ ತೋರಿಸಿದರೆ "ನಿಮ್ಮ ನೆಟ್ ಸ್ಲೋ ಐತ್ರಿ" ಅಂದರು. ಕುಬರ್ನೆಟೀಸ್ ಡಾಕರ್ (ಕಂಟೇನರ್ ಮಾಡಿ ಓಡಿಸೋ ಟೂಲ್) ಮೇಲೇ ನೇರವಾಗಿ ಓಡುತ್ತೆ ಅಂತ ಬೋರ್ಡ್ ಮೇಲೆ ಚಿತ್ರವನ್ನೂ ಬಿಡಿಸಿದರು. ಇವೆರಡನ್ನೂ ಜೋಡಿಸುತ್ತಿದ್ದ ಡಾಕರ್‌ಶಿಮ್ ಅನ್ನು ಕುಬರ್ನೆಟೀಸ್‌ನ 1.24ನೇ ಆವೃತ್ತಿಯಲ್ಲಿ, ಅಂದರೆ 2022ರಲ್ಲೇ ತೆಗೆದಿದ್ದಾರೆ. ಡಾಕರ್‌ನಲ್ಲಿ ಮಾಡಿದ ಇಮೇಜ್ (ಆ್ಯಪ್ ಕಟ್ಟಿಟ್ಟ ಫೈಲ್) ಈಗಲೂ ಓಡುತ್ತೆ ನಿಜ, ಆದರೆ ಕ್ಲಸ್ಟರ್‌ನಲ್ಲಿ ಅದನ್ನು ಓಡಿಸೋದು ಸಾಮಾನ್ಯವಾಗಿ ಕಂಟೇನರ್‌ಡಿ ಅನ್ನೋ ಇನ್ನೊಂದು ಸಾಫ್ಟ್‌ವೇರ್.

ಹೊಸ ವಿಳಾಸ ನಾವೇ ಹುಡುಕಿ ಹಾಕಿದೆವು. ಕ್ಲಸ್ಟರ್ ಎಬ್ಬಿಸೋ ಕಮಾಂಡ್ ಕ್ಯೂಬ್‌ಅಡ್ಮಿನ್ ಇನಿಟ್ ಚೆನ್ನಾಗಿ ಮುಗಿಯಿತು, ನೋಡ್ (ಕ್ಲಸ್ಟರ್‌ನ ಒಂದು ಕಂಪ್ಯೂಟರ್) ಕಾಣಿಸಿತು, ಚಹಾ ಕುಡಿದು ಬರುವಷ್ಟರಲ್ಲಿ ಕ್ಲಸ್ಟರ್ ಜೊತೆ ಮಾತಾಡೋ 6443 ಪೋರ್ಟ್‌ನಲ್ಲಿ ಕನೆಕ್ಷನ್ ರೆಫ್ಯೂಸ್ಡ್, ಅಂದರೆ ಸಂಪರ್ಕವೇ ಸಿಗಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತೆ, ಮತ್ತೆ ಹೋಗುತ್ತೆ. ಸರ್ ಅಂದಿದ್ದು ಒಂದೇ, "ರ‍್ಯಾಮ್ ಸಾಲಲ್ಲ, ಹೊಸ ಲ್ಯಾಪ್‌ಟಾಪ್ ತಗೋರಿ." ಪಕ್ಕದಲ್ಲಿ ಕೂತಿದ್ದ ಹುಡುಗಿ ಅದನ್ನು ನಂಬಿ ಮನೆಯಲ್ಲಿ ದುಡ್ಡು ಕೇಳೋಕೆ ಹೊರಟಿದ್ದಳು. ಅವಳದು 8 ಜಿಬಿ, ಕಂಟ್ರೋಲ್ ಪ್ಲೇನ್‌ಗೆ (ಕ್ಲಸ್ಟರ್ ನಡೆಸೋ ಭಾಗಕ್ಕೆ) ಬೇಕಿರೋದು ಕನಿಷ್ಠ 2 ಜಿಬಿ ಮತ್ತು 2 ಸಿಪಿಯು! ನಿಜವಾದ ಕಾರಣ ಕಂಟೇನರ್‌ಡಿಯ ಕಾನ್ಫಿಗ್ ಫೈಲ್‌ನಲ್ಲಿತ್ತು. ರ‍್ಯಾಮ್, ಸಿಪಿಯು ಹಂಚಿಕೆಯನ್ನು ಲಿನಕ್ಸ್‌ನ ಸಿಸ್ಟಮ್‌ಡಿಗೆ ಬಿಡಬೇಕಾ ಅಂತ ಹೇಳೋ ಸಿಸ್ಟಮ್‌ಡಿ ಸಿಗ್ರೂಪ್ ಅನ್ನೋ ಸಾಲು ಅಲ್ಲಿ ಫಾಲ್ಸ್ ಇತ್ತು, ನೋಡ್‌ನಲ್ಲಿ ಕಂಟೇನರ್ ನೋಡಿಕೊಳ್ಳೋ ಕ್ಯೂಬ್‌ಲೆಟ್ ಮಾತ್ರ ಸಿಸ್ಟಮ್‌ಡಿಯನ್ನೇ ನಂಬಿ ನಡೆಯುತ್ತಿತ್ತು, ಎರಡಕ್ಕೂ ಹೊಂದಾಣಿಕೆ ಇರಲಿಲ್ಲ. ಟ್ರೂ ಮಾಡಿ ಕಂಟೇನರ್‌ಡಿ ರೀಸ್ಟಾರ್ಟ್ ಕೊಟ್ಟೆವು, ಆಮೇಲೆ ಬೀಳಲಿಲ್ಲ. ಪರೀಕ್ಷೆಯ 30% ಇಂಥ ದೋಷ ಹುಡುಕುವ ಕೆಲಸಕ್ಕೇ ಇದೆ, ಅದನ್ನೇ ಇವರು ಲ್ಯಾಪ್‌ಟಾಪ್ ತಲೆಗೆ ಕಟ್ಟಿಬಿಟ್ಟರು.

ಇನ್ನು ಪಿಡಿಎಫ್ ವಿಷಯ. "ಇದಿಷ್ಟು ಬಾಯಿಪಾಠ ಮಾಡಿ, ಪಾಸ್" ಅಂತಾರೆ. ಸಿಕೆಎಯಲ್ಲಿ ನಾಲ್ಕು ಆಯ್ಕೆಯ ಪ್ರಶ್ನೆಗಳೇ ಇಲ್ಲ. 2 ಗಂಟೆ, ನಿಜವಾದ ಕ್ಲಸ್ಟರ್, ಕಮಾಂಡ್ ಹೊಡೆದು ಕೆಲಸ ಮುಗಿಸಬೇಕು, ಪಾಸಾಗೋಕೆ 66%. ಕುಬರ್ನೆಟೀಸ್‌ನ ಅಧಿಕೃತ ದಾಖಲೆ ತೆರೆದು ನೋಡೋಕೆ ಪರೀಕ್ಷೆಯವರೇ ಬಿಡುತ್ತಾರೆ, ಬಾಯಿಪಾಠ ಯಾಕೆ ಬೇಕು? ಸೋರಿದ ಪ್ರಶ್ನೆ ಇಟ್ಟುಕೊಂಡು ಬರೆಯೋದು ನಿಯಮಕ್ಕೂ ವಿರುದ್ಧ, ಸಿಕ್ಕಿಬಿದ್ದರೆ ಸರ್ಟಿಫಿಕೇಟೇ ಹೋಗುತ್ತೆ. 2025ರ ಫೆಬ್ರವರಿಯಲ್ಲಿ ಪಠ್ಯವೂ ಬದಲಾಗಿದೆ. ಕ್ಲಸ್ಟರ್‌ಗೆ ಆ್ಯಪ್ ಹಾಕೋಕೆ ಬಳಸೋ ಹೆಲ್ಮ್, ಕಸ್ಟಮೈಸ್, ಹೊರಗಿನ ಟ್ರಾಫಿಕ್ ಒಳಗೆ ಕಳಿಸೋ ಗೇಟ್‌ವೇ ಎಪಿಐ ಸೇರಿವೆ, ನಮ್ಮ ಕ್ಲಾಸಿನಲ್ಲಿ ಇವುಗಳ ಹೆಸರೂ ಬರಲಿಲ್ಲ.

ಸೇರುವ ಮುಂಚೆ ಡೆಮೊ ಕ್ಲಾಸ್ ಕೇಳಿ, ನಿಮ್ಮ ಕಣ್ಣೆದುರೇ ಹೊಸ ಕ್ಲಸ್ಟರ್ ಎಬ್ಬಿಸಿ ಆವೃತ್ತಿ ತೋರಿಸೋಕೆ ಹೇಳಿ. ಸುಮ್ನೆ ಪಿಪಿಟಿ ತೋರಿಸಿದರೆ ಎದ್ದು ಬನ್ನಿ. ಅಭ್ಯಾಸಕ್ಕೆ ಕಿಲ್ಲರ್‌ಕೋಡಾದಲ್ಲಿ ಬ್ರೌಸರ್‌ನಲ್ಲೇ ಫ್ರೀ ಲ್ಯಾಬ್ ಸಿಗುತ್ತೆ. ಪರೀಕ್ಷೆಗೆ ಕಟ್ಟಿದ ಫೀಸ್‌ನಲ್ಲೇ ಕಿಲ್ಲರ್.ಎಸ್‌ಎಚ್ ಅಣಕು ಪರೀಕ್ಷೆ ಎರಡು ಸಲ, ಫೇಲಾದರೆ ಇನ್ನೊಂದು ಅವಕಾಶ, ಎಲ್ಲಾ ಸೇರಿರುತ್ತೆ. ನಮ್ಮಲ್ಲಿ ಅದನ್ನೇ "ನಮ್ಮ ಕಡೆಯಿಂದ ಉಚಿತ" ಅಂತ ಮಾರಿದರು.

ಈಗಾಗಲೇ ದುಡ್ಡು ಕಟ್ಟಿ ಸಿಕ್ಕಿಬಿದ್ದವರು ರಸೀದಿ, ವಾಟ್ಸಾಪ್‌ನಲ್ಲಿ ಅವರು ಕೊಟ್ಟ ಮಾತು ಎಲ್ಲಾ ಜೋಪಾನ ಮಾಡಿ 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕರ ಸಹಾಯವಾಣಿ.