ಗಿಟ್ ಪುಶ್‌ಗೆ ಟೋಕನ್ನಾ, ಎಸ್‌ಎಸ್‌ಎಚ್ ಕೀನಾ?

ಪಾಸ್‌ವರ್ಡ್ ಕೊಟ್ಟು ಪುಶ್ ಮಾಡುವುದನ್ನು, ಅಂದರೆ ನಮ್ಮ ಕೋಡನ್ನು ಗಿಟ್‌ನಿಂದ ಸರ್ವರ್‌ಗೆ ಕಳಿಸುವುದನ್ನು, ಕೋಡ್ ಇಡುವ ತಾಣ ಗಿಟ್‌ಹಬ್ 2021ರ ಆಗಸ್ಟ್ 13ಕ್ಕೆ ನಿಲ್ಲಿಸಿತು. ಆಮೇಲೆ ಉಳಿದದ್ದು ಎಚ್‌ಟಿಟಿಪಿಎಸ್ ಜೊತೆ ಟೋಕನ್ (ಪಾಸ್‌ವರ್ಡ್ ಬದಲು ಗಿಟ್‌ಹಬ್ ಕೊಡುವ ಉದ್ದದ ಗುಪ್ತ ಪದ), ಇಲ್ಲವೇ ಎಸ್‌ಎಸ್‌ಎಚ್ ಕೀ (ನಿಮ್ಮ ಮೆಷಿನ್‌ನಲ್ಲಿ ಗುಟ್ಟಾಗಿರುವ ಫೈಲ್, ಅದರ ಜೋಡಿ ಗಿಟ್‌ಹಬ್‌ನಲ್ಲಿ). ಎರಡನ್ನೂ ಬಳಸಿದ್ದೇನೆ, ಎರಡರಲ್ಲೂ ಪರ್ಮಿಶನ್ ಎರರ್ ನೋಡಿದ್ದೇನೆ. ಈಗ ನನ್ನ ಲ್ಯಾಪ್‌ಟಾಪ್‌ನಲ್ಲಿರುವುದು ಎಸ್‌ಎಸ್‌ಎಚ್.

ಶುರು ಮಾಡಲು ಟೋಕನ್ನೇ ಸುಲಭ. ಪಾಸ್‌ವರ್ಡ್ ಕೇಳಿದ ಕಡೆ ಅಂಟಿಸಿದರೆ ಮುಗಿಯಿತು. ತಲೆನೋವು ಆಮೇಲೆ. 403, ಅಂದರೆ 'ಅನುಮತಿ ಇಲ್ಲ' ಅಂತ ಬಂದರೆ ಎರರ್ ಸಾಲನ್ನು ಕೊನೆವರೆಗೂ ಓದಿ. ಯಾವ ಅಕೌಂಟಿಗೆ ಬಾಗಿಲು ಹಾಕಿದೆ ಅಂತ ಹೆಸರು ಸಮೇತ ಇರುತ್ತದೆ. ಅಲ್ಲಿ ನಿಮ್ಮದೇ ಹಳೇ ಅಕೌಂಟ್ ಕಂಡರೆ, ಹೊಸ ಟೋಕನ್ ಮಾಡಿ ಪ್ರಯೋಜನವಿಲ್ಲ. ಲಾಗಿನ್ ವಿವರ ನೆನಪಿಡುವ ವಿಂಡೋಸ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್ ಹಳೆಯದನ್ನೇ ಕಳಿಸುತ್ತಿರುತ್ತದೆ, ಅದನ್ನು ಅಳಿಸಬೇಕು. ಹೆಸರು ಸರಿಯಿದ್ದರೆ ಟೋಕನ್ನಿನ ಪರ್ಮಿಶನ್ ನೋಡಿ. ಅನುಮತಿಗಳನ್ನು ಒಂದೊಂದಾಗಿ ಆರಿಸುವ ಫೈನ್-ಗ್ರೇನ್ಡ್ ಟೋಕನ್‌ನಲ್ಲಿ 'ಕಂಟೆಂಟ್ಸ್' ಬರೀ ರೀಡ್ ಇದ್ದರೆ ಪುಲ್ (ಕೋಡ್ ಇಳಿಸಿಕೊಳ್ಳುವುದು) ಆಗುತ್ತದೆ, ಪುಶ್ ಆಗಲ್ಲ. ಹಳೇ ಬಗೆಯ ಕ್ಲಾಸಿಕ್ ಟೋಕನ್‌ಗೆ 'ರೆಪೊ' (ಕೋಡ್ ಇರುವ ಪ್ರಾಜೆಕ್ಟ್) ಟಿಕ್ ಬೇಕು. ಟೆಸ್ಟ್‌ನಂಥ ಕೆಲಸ ತಾನಾಗಿ ನಡೆಸುವ ಗಿಟ್‌ಹಬ್ ಆಕ್ಷನ್ಸ್‌ನ ಫೈಲ್ ತಿದ್ದಿದ್ದರೆ 'ವರ್ಕ್‌ಫ್ಲೋ' ಕೂಡ. ಇದರ ಮೇಲೆ ಎಕ್ಸ್‌ಪೈರಿ ದಿನಾಂಕ ಬೇರೆ.

ಎಸ್‌ಎಸ್‌ಎಚ್‌ನಲ್ಲಿ ಕಷ್ಟವೆಲ್ಲ ಮೊದಲೇ ಮುಗಿಯುತ್ತದೆ. 'ಪರ್ಮಿಶನ್ ಡಿನೈಡ್, ಪಬ್ಲಿಕ್ ಕೀ' ಬಂತು ಅಂದರೆ ನೀವು ಯಾರೆಂದೇ ಸರ್ವರ್‌ಗೆ ಗೊತ್ತಾಗಿಲ್ಲ. ಪುಶ್ ಬಿಟ್ಟು, ಗಿಟ್‌ಹಬ್‌ಗೆ ಬರೀ ಎಸ್‌ಎಸ್‌ಎಚ್ ಮಾಡಿ ನೋಡಿ (ssh -T git@github.com). ಕೀ ಸರಿಯಿದ್ದರೆ 'ಹಾಯ್' ಅಂತ ನಿಮ್ಮ ಯೂಸರ್‌ನೇಮ್ ಹಿಡಿದು ಮಾತಾಡಿಸುತ್ತದೆ. ಈ ಒಂದು ಪರೀಕ್ಷೆಗೇ ನನಗೆ ಎಸ್‌ಎಸ್‌ಎಚ್ ಇಷ್ಟ. ಸಿಟ್ಟಿಗೆ ಸುಡೊ (ರೂಟ್, ಅಂದರೆ ಅಡ್ಮಿನ್ ಆಗಿ ಓಡಿಸುವ ಕಮಾಂಡ್) ಹಾಕಿ ಪುಶ್ ಮಾಡುವವರಿದ್ದಾರೆ. ಬೇಡ, ಆಗ ಗಿಟ್ ರೂಟ್ ಯೂಸರ್‌ನ ಕೀ ಹುಡುಕುತ್ತದೆ, ನಿಮ್ಮದನ್ನಲ್ಲ.

ಆಫೀಸಿಗೊಂದು, ಸ್ವಂತಕ್ಕೊಂದು ಅಕೌಂಟ್ ಇದ್ದರೆ? ಒಂದೇ ಕೀಯನ್ನು ಎರಡಕ್ಕೂ ಹಾಕಲು ಗಿಟ್‌ಹಬ್ ಬಿಡುವುದಿಲ್ಲ. ಎರಡು ಕೀ ಮಾಡಿ, ಎಸ್‌ಎಸ್‌ಎಚ್ ಕಾನ್ಫಿಗ್ ಫೈಲ್‌ನಲ್ಲಿ ಎರಡು ಹೋಸ್ಟ್ ಹೆಸರು ಕೊಡಿ. 'ಐಡೆಂಟಿಟೀಸ್‌ಓನ್ಲಿ ಯೆಸ್' ಅನ್ನುವ ಸಾಲು ಮರೆಯಬೇಡಿ. ಅದಿಲ್ಲದಿದ್ದರೆ ಕೀಗಳನ್ನು ಹಿಡಿದಿಟ್ಟುಕೊಂಡಿರುವ ಎಸ್‌ಎಸ್‌ಎಚ್ ಏಜೆಂಟ್ ತನ್ನ ಕೈಗೆ ಮೊದಲು ಸಿಕ್ಕ ಕೀಯನ್ನು ಕೊಡಬಹುದು. ಗಿಟ್‌ಹಬ್ ಒಪ್ಪಿಕೊಳ್ಳುತ್ತದೆ, ಆದರೆ ಬೇರೆ ಅಕೌಂಟ್ ಅಂತ! ಪುಶ್ ಹೋಗುವ ವಿಳಾಸದಲ್ಲೂ (ರಿಮೋಟ್ ಯುಆರ್‌ಎಲ್) ಹೊಸ ಹೋಸ್ಟ್ ಹೆಸರೇ ಇರಬೇಕು.

ಎಸ್‌ಎಸ್‌ಎಚ್ ಸೋಲುವುದು ಅದು ಬಳಸುವ ಪೋರ್ಟ್ 22 ಮುಚ್ಚಿದ ನೆಟ್‌ವರ್ಕ್‌ಗಳಲ್ಲಿ. 'ಎಸ್‌ಎಸ್‌ಎಚ್.ಗಿಟ್‌ಹಬ್.ಕಾಮ್'ಗೆ 443ರಲ್ಲಿ ಹೋಗಬಹುದು. ಅದೂ ಆಗದ ಕಡೆ, ಅಥವಾ ನನ್ನದಲ್ಲದ ಮೆಷಿನ್‌ನಲ್ಲಿ, ಒಂದೇ ರೆಪೊಗೆ ಸೀಮಿತವಾದ, ಏಳು ದಿನದ ಟೋಕನ್ ಸಾಕು.

ಟೋಕನ್, ಕೀ ಎರಡೂ ಸರಿಯಿದ್ದು ಬೇರೆಯವರ ರೆಪೊಗೆ ಪುಶ್ ಆಗದಿದ್ದರೆ ಇಮೇಲ್ ತೆರೆಯಿರಿ. ಕೊಲಾಬೊರೇಟರ್ ಆಹ್ವಾನವನ್ನು ನೀವಿನ್ನೂ ಒಪ್ಪಿರಲಿಕ್ಕಿಲ್ಲ.