ಸ್ಟಾಕ್‌ಹೋಮ್ ಚಳಿಗಾಲಕ್ಕೆ ಈ 10,000 ಲಕ್ಸ್ ಲೈಟ್ ತಗೋಬಹುದಾ?

ತಗೋಬಹುದು, ಆದ್ರೆ ಮ್ಯಾಜಿಕ್ ಏನೂ ಆಗಲ್ಲ. ಚಳಿಗಾಲದ ಕತ್ತಲಲ್ಲಿ ಬರೋ ಮಂಕು, ತೂಕಡಿಕೆ ಕಮ್ಮಿ ಮಾಡೋಕೆ ಮುಂದೆ ಇಟ್ಕೊಳ್ಳೋ ಜೋರು ಬೆಳಕಿನ ದೀಪ ಇದು (ಲಕ್ಸ್ ಅಂದ್ರೆ ಬೆಳಕಿನ ಅಳತೆ). ಡಿಸೆಂಬರಲ್ಲಿ ಇಲ್ಲಿ ಹಗಲು ಇರೋದೇ ಸುಮಾರು 6 ಗಂಟೆ, ಬೆಂಗಳೂರಲ್ಲಿ ಚಳಿಗಾಲದಲ್ಲೂ 11 ಗಂಟೆ ಮೇಲೆ ಬೆಳಕು ನೋಡಿ ಬೆಳೆದೋರಿಗೆ ಮೂರು ಗಂಟೆಗೆ ಮುಂಚೆನೇ ಸೂರ್ಯ ಮುಳುಗಿದ್ರೆ ಎದ್ದು ಕಾಫಿ ಮಾಡ್ಕೊಳ್ಳೋಕೂ ಮನಸ್ಸು ಬರಲ್ಲ. ನಮ್ಮ ಆಫೀಸಲ್ಲಿ ಇದೇ ಚಳಿಗಾಲಕ್ಕೆ ಕಾಯ್ತಾ ಕೂರೋರೂ ಇದಾರೆ ಮಾರಾಯ್ರೆ, ಸ್ನೋ ಬಿತ್ತು ಅಂದ್ರೆ ಸ್ಕೀ ಎತ್ಕೊಂಡು ಹೊರಟೇಬಿಡ್ತಾರೆ, ಹೊರಗೆ ಓಡಾಡೋದ್ರಿಂದ ಇರೋ ಬೆಳಕಾದ್ರೂ ಸಿಗುತ್ತೆ. ನಾನು ಕಂಬಳಿ ಹೊದ್ದು ಮುದುರ್ಕೊಳ್ಳೋ ಪಾರ್ಟಿ.

ಬೆಳಗ್ಗೆ ಎದ್ದ ತಕ್ಷಣ 20-30 ನಿಮಿಷ ಲೈಟ್ ಮುಂದೆ ಕೂತು ತಿಂಡಿ ತಿಂದ್ರೆ ಸಾಕು, ದಿಟ್ಟಿಸಿ ನೋಡೋ ಹಂಗಿಲ್ಲ. ಬೆಳಗಾಯ್ತು ಅಂತ ಬಾಡಿ ಕ್ಲಾಕ್‌ಗೆ ಗೊತ್ತಾಗಿ ನಿದ್ದೆ ಬರಿಸೋ ಹಾರ್ಮೋನ್ ಮೆಲಟೋನಿನ್ ಇಳಿಯುತ್ತೆ. ನಂಗೆ ಬೆಳಗಿನ ತೂಕಡಿಕೆ ಚೆನ್ನಾಗೇ ಕಮ್ಮಿ ಆಯ್ತು, ಮೂಡ್ ಮಾತ್ರ ಪರ್ವಾಗಿಲ್ಲ ಅನ್ನೋ ಹಂಗೆ.

ಕಿರಿಕಿರಿ ಏನಂದ್ರೆ ಬಾಕ್ಸ್ ಮೇಲೆ 10,000 ಅಂತ ದೊಡ್ಡದಾಗಿ ಇರುತ್ತೆ, ಎಷ್ಟು ದೂರದಲ್ಲಿ ಅನ್ನೋದು ಇರುವೆ ಸೈಜ್ ಅಕ್ಷರದಲ್ಲಿ, ಸ್ವಲ್ಪ ಹಿಂದೆ ಸರಿದ್ರೂ ಬೆಳಕು ಸರ್ರಂತ ಕಮ್ಮಿ. ಯುವಿ ಫಿಲ್ಟರ್ ಇರೋದೇ ತಗೊಳ್ಳಿ. ಕಣ್ಣಿನ ತೊಂದ್ರೆನೋ ಬೈಪೋಲಾರೋ (ಮೂಡ್ ವಿಪರೀತ ಏರಿಳಿಯೋ ಕಾಯಿಲೆ) ಇದ್ರೆ ಮೊದ್ಲು ಡಾಕ್ಟರನ್ನ ಕೇಳಿ. ರಾತ್ರಿ ಹೊತ್ತು ಹಾಕ್ಬೇಡಿ, ನಿದ್ದೆ ಹಾಳು. 5ಕ್ಕೆ 3.5.